ಪ್ರಾಚೀನ ಗ್ರೀಕರು: ಬೆಳೆದದ್ದು ಹೇಗೆ, ಉಳಿದದ್ದು ಹೇಗೆ

ಕ್ರೀಟ್ ದ್ವೀಪದಲ್ಲಿ ಡ್ರೆರೋಸ್ ಅಂತ ಒಂದು ಊರಿತ್ತು. ಈಗ ಅಲ್ಲಿ ಪಾಳುಗೋಡೆ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಊರಿನ ಅಪೊಲೊ ದೇವಸ್ಥಾನದ ಗೋಡೆಗೆ ಸೇರಿದ್ದ ಕಲ್ಲಿನ ಮೇಲೆ ಕ್ರಿ.ಪೂ. 650ರ ಸುಮಾರಿಗೆ ಒಂದು ಕಾನೂನು ಕೆತ್ತಿದ್ದರು. ಅದರ ಸಾರ ಹೀಗಿದೆ: ಇದು ಊರು ಮಾಡಿದ ತೀರ್ಮಾನ. ಒಬ್ಬ ಒಮ್ಮೆ ಊರಿನ ಮುಖ್ಯ ಅಧಿಕಾರಿಯಾದರೆ, ಹತ್ತು ವರ್ಷ ಅವನೇ ಮತ್ತೆ ಆ ಜಾಗಕ್ಕೆ ಬರಬಾರದು. ಬಂದರೆ, ಅವನು ಹಾಕಿದ ದಂಡದ ಎರಡರಷ್ಟನ್ನು ಅವನೇ ತೆರಬೇಕು. ಜೀವ ಇರುವ ತನಕ ಯಾವ ಅಧಿಕಾರವೂ ಸಿಗುವುದಿಲ್ಲ. ಅವನು ಮಾಡಿದ್ದೆಲ್ಲ ರದ್ದು.

ಕಲ್ಲಿನ ಮೇಲೆ ಕಾನೂನು ಬರೆದವರಲ್ಲಿ ಗ್ರೀಕರೇನೂ ಮೊದಲಿಗರಲ್ಲ. ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಅವರಿಗಿಂತ ಸಾವಿರ ವರ್ಷ ಮುಂಚೆಯೇ ಆ ಕೆಲಸ ಮಾಡಿದ್ದ. ಆದರೆ ಅಲ್ಲಿ ದೊರೆ ಜನಕ್ಕೆ ಹೇಳುತ್ತಾನೆ. ಡ್ರೆರೋಸಿನಲ್ಲಿ ಊರು ಅಧಿಕಾರಿಗೆ ಹೇಳುತ್ತದೆ. ಗ್ರೀಕರ ಬಗ್ಗೆ ಎಷ್ಟು ಓದಿದರೂ ನನಗೆ ಮುಖ್ಯ ಅನ್ನಿಸುವುದು ಈ ವ್ಯತ್ಯಾಸವೇ. ಅಮೃತಶಿಲೆಯ ದೇವಸ್ಥಾನ, ಅಲೆಕ್ಸಾಂಡರನ ದಂಡಯಾತ್ರೆ ಇವೆಲ್ಲ ಆಮೇಲಿನ ಮಾತು. ಯಾರೇ ಹೇಳಲಿ, ಆ ಮಾತನ್ನು ನಾಲ್ಕು ಜನರ ಮುಂದೆ ಇಟ್ಟು, ಪ್ರಶ್ನೆ ಕೇಳಿಸಿಕೊಂಡು, ನಿಲ್ಲುತ್ತದೋ ಬೀಳುತ್ತದೋ ನೋಡುವುದು. ಕಾನೂನಿನಲ್ಲಿ, ಗಣಿತದಲ್ಲಿ, ವೈದ್ಯದಲ್ಲಿ, ನಾಟಕದಲ್ಲಿ ಅವರು ಮಾಡಿದ್ದು ಇದನ್ನೇ. ಈ ಅಭ್ಯಾಸ ಅವರಲ್ಲಿ ಬೆಳೆದದ್ದು ಹೇಗೆ?

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಡ್ರೆರೋಸಿಗಿಂತ 600 ವರ್ಷ ಮುಂಚೆ ಗ್ರೀಸಿನಲ್ಲಿ ದೊಡ್ಡ ದೊಡ್ಡ ಅರಮನೆಗಳಿದ್ದವು. ಮೈಸಿನಿ, ಪೈಲೋಸ್, ಥೀಬ್ಸ್. ಅಲ್ಲಿನ ಗುಮಾಸ್ತರು ಹಸಿ ಮಣ್ಣಿನ ಹಲಗೆಗಳ ಮೇಲೆ ಬರೆಯುತ್ತಿದ್ದರು. ಆ ಲಿಪಿಯನ್ನು ಇಂದು 'ಲೀನಿಯರ್ ಬಿ' ಅನ್ನುತ್ತಾರೆ. 1952ರಲ್ಲಿ ಮೈಕಲ್ ವೆಂಟ್ರಿಸ್ ಅದನ್ನು ಓದಿದ. ಅವನ ವೃತ್ತಿ ಕಟ್ಟಡ ವಿನ್ಯಾಸ. ಓದಿದಾಗ ಸಿಕ್ಕಿದ್ದು ಕಾವ್ಯವಲ್ಲ, ಲೆಕ್ಕ. ಎಷ್ಟು ಕುರಿ, ಎಷ್ಟು ಉಣ್ಣೆ, ಎಷ್ಟು ಎಣ್ಣೆ, ಯಾರ ಪಾಲಿಗೆ ಎಷ್ಟು. ಬರವಣಿಗೆ ಇದ್ದದ್ದೇ ಅರಮನೆಗಾಗಿ.

ಕ್ರಿ.ಪೂ. 1200ರ ಆಸುಪಾಸಿನಲ್ಲಿ ಈ ಅರಮನೆಗಳು ಒಂದಾದ ಮೇಲೊಂದು ಸುಟ್ಟು ಬಿದ್ದವು. ಬರವೋ, ದಾಳಿಯೋ, ಒಳಗಿನ ದಂಗೆಯೋ, ವ್ಯಾಪಾರ ನಿಂತದ್ದೋ ಅಂತ ಚರ್ಚೆ ಇನ್ನೂ ನಡೆದಿದೆ. ಅರಮನೆ ಹೋದ ಮೇಲೆ ಗುಮಾಸ್ತರಿಗೂ ಕೆಲಸ ಇಲ್ಲ. ಹಾಗಾಗಿ ಬರೆಯುವುದೇ ಮರೆತುಹೋಯಿತು. ಸುಮಾರು 400 ವರ್ಷ ಗ್ರೀಕರಲ್ಲಿ ಅಕ್ಷರವೇ ಇರಲಿಲ್ಲ.

ಇದು ದೊಡ್ಡ ನಷ್ಟ, ನಿಜ. ಆದರೆ ಇದರಿಂದ ಒಂದು ಅವಕಾಶವೂ ಹುಟ್ಟಿತು. ಮತ್ತೆ ಊರುಗಳು ತಲೆ ಎತ್ತಿದಾಗ ಅವುಗಳ ಮೇಲೆ ಅರಮನೆ ಇರಲಿಲ್ಲ. ಎಲ್ಲರನ್ನೂ ಹಿಡಿದಿಡುವಷ್ಟು ಬಲ ಯಾರಿಗೂ ಇರಲಿಲ್ಲ. ಭೂಗೋಳವೂ ಅದಕ್ಕೆ ಸರಿಯಾಗಿತ್ತು. ಬೆಟ್ಟಗಳ ನಡುವೆ ಚೂರುಚೂರು ಬಯಲು, ಉಳಿದದ್ದು ಸಮುದ್ರ. ಗೋಧಿ ಬೆಳೆಯುವ ನೆಲ ಕಡಿಮೆ. ಆಲಿವ್, ದ್ರಾಕ್ಷಿ ಚೆನ್ನಾಗಿ ಬರುತ್ತದೆ. ಎಣ್ಣೆ, ದ್ರಾಕ್ಷಾರಸ ಮಾರಿ ಧಾನ್ಯ ತರಬೇಕು. ಅಂದರೆ ಹಡಗು ಹತ್ತಲೇಬೇಕು. ಕ್ರಿ.ಪೂ. 8ನೇ ಶತಮಾನದಿಂದ ಅವರು ಹೋದಲ್ಲೆಲ್ಲ ಹೊಸ ಊರು ಕಟ್ಟಿದರು. ಸಿಸಿಲಿಯ ಸಿರಾಕ್ಯೂಸ್, ಇಂದಿನ ಫ್ರಾನ್ಸಿನ ಮಾರ್ಸೇಲ್, ಲಿಬಿಯಾದ ಸೈರೀನ್, ಇಂದಿನ ಇಸ್ತಾಂಬುಲ್ ಆಗಿರುವ ಬೈಜಾಂಟಿಯಂ, ಕಪ್ಪು ಸಮುದ್ರದ ಸುತ್ತಮುತ್ತ ಹತ್ತಾರು ಬಂದರು. ಕೆರೆಯ ಸುತ್ತ ಕೂತ ಕಪ್ಪೆಗಳ ಹಾಗೆ ನಾವು ಸಮುದ್ರದ ಸುತ್ತ ಬದುಕುತ್ತೇವೆ ಅಂತ ಪ್ಲೇಟೋ ಒಂದು ಕಡೆ ಸಾಕ್ರಟೀಸನ ಬಾಯಲ್ಲಿ ಹೇಳಿಸುತ್ತಾನೆ. ಹೀಗೆ ಕೂತ ನಗರರಾಜ್ಯಗಳು ಸಾವಿರಕ್ಕೂ ಜಾಸ್ತಿ. ಒಂದೊಂದಕ್ಕೂ ತನ್ನದೇ ಕಾನೂನು, ತನ್ನದೇ ಪಂಚಾಂಗ, ಪಕ್ಕದ ಊರಿನ ಜತೆ ತನ್ನದೇ ಜಗಳ. ಒಂದೂರಿನಲ್ಲಿ ಬಾಯಿ ಮುಚ್ಚಿಸಿದರೆ ಇನ್ನೊಂದೂರಿಗೆ ಹೋಗಿ ಮಾತಾಡಬಹುದಿತ್ತು.

ಈ ಓಡಾಟದಲ್ಲೇ ಅಕ್ಷರವೂ ವಾಪಸ್ ಬಂತು. ಇಂದಿನ ಲೆಬನಾನ್ ಕಡೆಯ ಫಿನೀಷಿಯದ ವ್ಯಾಪಾರಿಗಳ ಲಿಪಿಯನ್ನು ಗ್ರೀಕರು ಎರವಲು ಪಡೆದರು. ಅದರಲ್ಲಿ ವ್ಯಂಜನಗಳು ಮಾತ್ರ ಇದ್ದವು. ತಮಗೆ ಬೇಡವಾದ ಕೆಲವು ಗುರುತುಗಳನ್ನು ಇವರು ಸ್ವರಗಳಿಗೆ ಬಳಸಿಕೊಂಡರು. ಒಟ್ಟು ಇಪ್ಪತ್ತು ಚಿಲ್ಲರೆ ಅಕ್ಷರ. ಕಲಿಯಲು ಗುಮಾಸ್ತನೇ ಆಗಬೇಕಿಲ್ಲ. ಇಟಲಿಯ ಇಸ್ಕಿಯಾ ದ್ವೀಪದ ಒಂದು ಸಮಾಧಿಯಲ್ಲಿ ಮಣ್ಣಿನ ಬಟ್ಟಲು ಸಿಕ್ಕಿದೆ. ಕ್ರಿ.ಪೂ. 8ನೇ ಶತಮಾನದ್ದು. ಅದರ ಮೇಲೆ ಮೂರು ಸಾಲು ಗೀಚಿದ್ದಾರೆ: ಇದು (ಹೋಮರನ ಕಾವ್ಯದ ಮುದಿ ರಾಜ) ನೆಸ್ಟರನ ಬಟ್ಟಲು, ಇದರಲ್ಲಿ ಕುಡಿದವರಿಗೆ ಕೂಡಲೇ ಪ್ರೇಮದೇವತೆ ಅಫ್ರೊಡೈಟಿಯ ಮೋಹ ಹತ್ತುತ್ತದೆ ಅನ್ನುವ ಅರ್ಥದ ಪದ್ಯ. ಕುರಿ ಲೆಕ್ಕದಿಂದ ಕುಡಿತದ ಪದ್ಯಕ್ಕೆ! ಬರವಣಿಗೆ ಅರಮನೆ ಬಿಟ್ಟು ಜನರ ಕೈಗೆ ಬಂದಿತ್ತು ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ವಿಚಾರದ ಕಡೆ ಬರೋಣ. ಇಂದಿನ ಟರ್ಕಿಯ ಕರಾವಳಿಯಲ್ಲಿದ್ದ ಮಿಲೇಟಸ್ ದೊಡ್ಡ ಬಂದರು. ಈಜಿಪ್ಟ್, ಬ್ಯಾಬಿಲೋನ್ ಕಡೆಯ ಸರಕಿನ ಜತೆ ಅಲ್ಲಿನ ಜ್ಞಾನವೂ ಬರುತ್ತಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಅಲ್ಲಿನ ಥೇಲೀಸ್ ಎಲ್ಲಕ್ಕೂ ಮೂಲ ನೀರು ಅಂದ. ಅವನ ಊರಿನವನೇ ಆದ, ಅವನ ಶಿಷ್ಯ ಅಂತಲೇ ಹೆಸರಾದ ಅನಾಕ್ಸಿಮಾಂಡರ್ ಅದನ್ನು ಒಪ್ಪಲಿಲ್ಲ. ಮೂಲವಸ್ತು ಯಾವ ಗುಣಕ್ಕೂ ಮಿತಿಗೂ ಸಿಗದ್ದು ಅಂದ. ಭೂಮಿ ಯಾವುದರ ಮೇಲೂ ಕೂತಿಲ್ಲ, ಸುಮ್ನೆ ನಡುವೆ ನಿಂತಿದೆ ಅಂತಲೂ ಹೇಳಿದ. ಅವನ ನಂತರ ಬಂದ ಅನಾಕ್ಸಿಮೆನೀಸ್ ಇಬ್ಬರನ್ನೂ ಬಿಟ್ಟು ಗಾಳಿ ಅಂದ. ಮೂರು ಉತ್ತರಗಳೂ ಇವತ್ತಿಗೆ ನಿಲ್ಲುವುದಿಲ್ಲ. ಆದರೆ ಒಂದೇ ಊರಿನಲ್ಲಿ, ಎರಡು ತಲೆಮಾರಿನೊಳಗೆ, ಹಿರಿಯರ ಮಾತನ್ನು ಕಿರಿಯರು ಕಾರಣ ಕೊಟ್ಟು ತಳ್ಳಿಹಾಕಿದರು. ಯಾರೂ ಅವರನ್ನು ಊರು ಬಿಡಿಸಲಿಲ್ಲ. ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದ ವೈದ್ಯ ಗ್ರಂಥಗಳಲ್ಲೂ ಇದೇ ಧೈರ್ಯ ಕಾಣುತ್ತದೆ. ಮೂರ್ಛೆರೋಗವನ್ನು ಆಗ 'ಪವಿತ್ರ ರೋಗ' ಅನ್ನುತ್ತಿದ್ದರು. ಬೇರೆ ರೋಗಕ್ಕಿಂತ ಇದರಲ್ಲಿ ದೈವದ್ದೇನೂ ಜಾಸ್ತಿ ಇಲ್ಲ, ಇದರ ಮೂಲ ಮಿದುಳಿನಲ್ಲಿದೆ ಅಂತ ಆ ಗ್ರಂಥ ವಾದಿಸುತ್ತದೆ.

ಗಣಿತದ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಲಂಬಕೋನ ತ್ರಿಭುಜದ ಬಾಹುಗಳ ಸಂಬಂಧ ಪೈಥಾಗರಸ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ ಬ್ಯಾಬಿಲೋನಿನವರಿಗೆ ಗೊತ್ತಿತ್ತು. ನಮ್ಮಲ್ಲಿ ಬೌಧಾಯನ ಶುಲ್ಬಸೂತ್ರದಲ್ಲೂ ಅದು ಸ್ಪಷ್ಟವಾಗಿ ಇದೆ. ಗ್ರೀಕರ ಕೊಡುಗೆ ಆ ಸಂಗತಿಯನ್ನು ಕಂಡುಹಿಡಿದದ್ದಲ್ಲ. ಎಲ್ಲರೂ ಒಪ್ಪುವ ನಾಲ್ಕಾರು ಮಾತಿನಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಇಟ್ಟು, ಎದುರಿಗಿರುವವನು ಇಲ್ಲ ಅನ್ನಲಾಗದ ಹಾಗೆ ಸಾಧಿಸುವ ಪದ್ಧತಿಯನ್ನು ಅವರು ಗಟ್ಟಿ ಮಾಡಿದರು. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಅದನ್ನು ಒಟ್ಟುಗೂಡಿಸಿದ. ನಾವೆಲ್ಲ ಹೈಸ್ಕೂಲಿನಲ್ಲಿ 'ದತ್ತ, ಸಾಧನೀಯ, ಸಾಧನೆ' ಅಂತ ಬರೆದೆವಲ್ಲ, ಅದರ ಬೇರು ಇಲ್ಲಿದೆ. ವಾದ ಮಾಡಿ ಗೆಲ್ಲಬೇಕಾದ ಸಮಾಜದಲ್ಲೇ ಇಂಥ ಸಾಧನೆ ಹುಟ್ಟಿತು ಅನ್ನುವುದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಅಂಥ ವಾದ ಅತಿ ಹೆಚ್ಚು ನಡೆದ ಊರು ಅಥೆನ್ಸ್. ಅಲ್ಲಿ ಪ್ರಜಾಪ್ರಭುತ್ವ ಯಾರದೋ ಆದರ್ಶದಿಂದ ಒಂದೇ ದಿನ ಬರಲಿಲ್ಲ. ಕ್ರಿ.ಪೂ. 600ರ ಹೊತ್ತಿಗೆ ಸಾಲ ತೀರಿಸಲಾಗದ ಬಡ ರೈತರು ಜೀತಕ್ಕೆ ಬೀಳುತ್ತಿದ್ದರು. ಕೆಲವರನ್ನು ಪರದೇಶಕ್ಕೂ ಮಾರುತ್ತಿದ್ದರು. ದಂಗೆ ಏಳುವ ಸ್ಥಿತಿ ಬಂದಾಗ, 594ರಲ್ಲಿ ಸೋಲನ್‌ಗೆ ಅಧಿಕಾರ ಕೊಟ್ಟರು. ಅವನು ಸಾಲ ಮನ್ನಾ ಮಾಡಿದ. ಮೈಯನ್ನೇ ಒತ್ತೆ ಇಟ್ಟು ಸಾಲ ತರುವುದನ್ನು ನಿಷೇಧಿಸಿದ. 508ರ ಹೊತ್ತಿಗೆ ಬಂದ ಕ್ಲೈಸ್ತನೀಸ್ ಇನ್ನೂ ಆಳಕ್ಕೆ ಕೈಹಾಕಿದ. ಆವರೆಗೆ ರಾಜಕೀಯ ನಡೆಯುತ್ತಿದ್ದದ್ದು ನಾಲ್ಕು ಕುಲಗಳ ಹಿಡಿತದಲ್ಲಿ. ಅವನು ಅವನ್ನು ಬದಿಗೆ ಸರಿಸಿ ಹತ್ತು ಹೊಸ ಗುಂಪು ಮಾಡಿದ. ಪ್ರತಿ ಗುಂಪಿನಲ್ಲೂ ಕರಾವಳಿಯ ಊರು ಕೆಲವು, ಒಳನಾಡಿನವು ಕೆಲವು, ಪೇಟೆಯವು ಕೆಲವು. ಮೀನುಗಾರ, ರೈತ, ಕುಂಬಾರ ಒಟ್ಟಿಗೆ ಕೂರಬೇಕು, ಒಟ್ಟಿಗೆ ಯುದ್ಧಕ್ಕೂ ಹೋಗಬೇಕು. ಒಂದೊಂದು ಗುಂಪಿನಿಂದ 50 ಜನರಂತೆ 500 ಜನರ ಸಭೆ. ಅವರ ಆಯ್ಕೆ ಆಮೇಲೆ ಚೀಟಿ ಎತ್ತುವುದರ ಮೂಲಕವೇ ನಡೆಯಿತು.

ಈ ಚೀಟಿ ಎತ್ತುವ ಏರ್ಪಾಡನ್ನು ಹತ್ತಿರದಿಂದ ನೋಡಬೇಕು. ಅಗೋರಾ ಅಂದರೆ ಅಥೆನ್ಸಿನ ಪೇಟೆಚೌಕ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿನ ತುಂಡಿದೆ. ಮೈತುಂಬ ಸಾಲು ಸಾಲು ಸಣ್ಣ ಸೀಳುಗಳು. ಹೆಸರು ಕ್ಲೆರೊಟೀರಿಯನ್. ನ್ಯಾಯಾಧಿಕಾರಿಗಳಾಗಲು ಪ್ರತಿ ವರ್ಷ 6000 ನಾಗರಿಕರನ್ನು ಗೊತ್ತುಮಾಡುತ್ತಿದ್ದರು. ಪ್ರತಿಯೊಬ್ಬನ ಹತ್ತಿರ ತನ್ನ ಹೆಸರು, ಊರು ಕೆತ್ತಿದ ಚಿಕ್ಕ ಪಟ್ಟಿ. ಬೆಳಗ್ಗೆ ಬಂದು ಆ ಪಟ್ಟಿ ಕೊಟ್ಟರೆ ಅದನ್ನು ಸೀಳಿಗೆ ಸಿಕ್ಕಿಸುತ್ತಾರೆ. ಪಕ್ಕದ ಕೊಳವೆಗೆ ಕಪ್ಪು, ಬಿಳಿ ಗೋಲಿಗಳನ್ನು ಸುರಿಯುತ್ತಾರೆ. ಕೆಳಗಿನಿಂದ ಒಂದೊಂದೇ ಬೀಳುತ್ತದೆ. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಇವತ್ತು ನ್ಯಾಯಾಧಿಕಾರಿಗಳು. ಕಪ್ಪು ಬಿದ್ದರೆ ಆ ಸಾಲಿನವರು ಮನೆಗೆ. ಯಾರು ಯಾವ ಮೊಕದ್ದಮೆಗೆ ಅನ್ನುವುದೂ ಅವತ್ತೇ ಚೀಟಿಯಿಂದ ತೀರ್ಮಾನ. ಹಿಂದಿನ ರಾತ್ರಿ ಲಂಚ ಕೊಡೋಣ ಅಂದರೆ ಯಾರಿಗೆ ಕೊಡುವುದು?

ವಾದಕ್ಕೆ ನೀರಿನ ಗಡಿಯಾರ. ಮೇಲಿನ ಮಡಕೆಯಿಂದ ಕೆಳಗಿನ ಮಡಕೆಗೆ ನೀರು ಖಾಲಿಯಾದರೆ ಮಾತು ಮುಗಿಯಿತು. ಅಗೋರಾದಲ್ಲಿ ಸಿಕ್ಕ ಒಂದು ಮಡಕೆ ಸುಮಾರು ಆರು ನಿಮಿಷದ್ದು. ತೀರ್ಪಿಗೆ ಕಂಚಿನ ಎರಡು ಬಿಲ್ಲೆ. ಒಂದರ ನಡುವಿನ ಕಡ್ಡಿ ಟೊಳ್ಳು, ಇನ್ನೊಂದರದ್ದು ಗಟ್ಟಿ. ಟೊಳ್ಳು ಹಾಕಿದರೆ ದೂರು ಕೊಟ್ಟವನ ಪರ, ಗಟ್ಟಿ ಹಾಕಿದರೆ ಆರೋಪಿಯ ಪರ. ಹೆಬ್ಬೆರಳು, ತೋರುಬೆರಳ ನಡುವೆ ಕಡ್ಡಿಯ ತುದಿ ಮುಚ್ಚಿಕೊಂಡು ಹಾಕಿದರೆ ಯಾವುದು ಹಾಕಿದರು ಅಂತ ಯಾರಿಗೂ ಕಾಣುವುದಿಲ್ಲ. 2300 ವರ್ಷದ ಹಿಂದೆ ಗುಪ್ತ ಮತದಾನಕ್ಕೆ ಇಷ್ಟು ಯೋಚನೆ ಮಾಡಿದ್ದಾರೆ. ಮನುಷ್ಯರು ಆಸೆಗೆ, ಹೆದರಿಕೆಗೆ ಬಗ್ಗುತ್ತಾರೆ ಅಂತ ಗೊತ್ತಿದ್ದೇ, ಅದಕ್ಕೆ ತಕ್ಕ ಹಾಗೆ ವ್ಯವಸ್ಥೆ ಕಟ್ಟಿದ್ದಾರೆ. ನನಗೆ ಅಥೆನ್ಸಿನ ಹೆಸರಾಂತ ದೇವಸ್ಥಾನ ಪಾರ್ಥೆನಾನ್‌ಗಿಂತ ಈ ಬಿಲ್ಲೆಗಳ ಮೇಲೆ ಗೌರವ ಜಾಸ್ತಿ.

ಇಷ್ಟೆಲ್ಲ ಇದ್ದರೂ ಜನ ಅಡ್ಡದಾರಿ ಹುಡುಕುತ್ತಿದ್ದರು. ತುಂಬಾ ಬೆಳೆದುಬಿಟ್ಟ ನಾಯಕನನ್ನು ಹತ್ತು ವರ್ಷ ಊರಾಚೆ ಕಳಿಸಲು ಮಡಕೆ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕುವ ಪದ್ಧತಿ ಇತ್ತು. ಅಕ್ರೊಪೊಲಿಸ್ ಗುಡ್ಡದ ಮಗ್ಗುಲಲ್ಲಿ ಒಂದು ಹಳೆಯ ಬಾವಿ ಅಗೆದಾಗ 190 ಚೂರು ಸಿಕ್ಕವು. ಎಲ್ಲದರ ಮೇಲೂ ಒಂದೇ ಹೆಸರು, ಥೆಮಿಸ್ಟೊಕ್ಲೀಸ್. ಕೈಬರಹ ಮಾತ್ರ ಹದಿನಾಲ್ಕೇ ಜನರದ್ದು. ಅಂದರೆ ಅವನ ವಿರೋಧಿಗಳು ಮೊದಲೇ ಬರೆದು ಹಂಚಲು ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ.

ಈ ಥೆಮಿಸ್ಟೊಕ್ಲೀಸ್ ಸಾಮಾನ್ಯನಲ್ಲ. ಕ್ರಿ.ಪೂ. 483ರ ಸುಮಾರಿಗೆ ಲೌರಿಯನ್ ಗಣಿಯಲ್ಲಿ ಬೆಳ್ಳಿಯ ಹೊಸ ಪದರ ಸಿಕ್ಕಾಗ, ಅದನ್ನು ಜನ ಹಂಚಿಕೊಳ್ಳುವ ಬದಲು ಯುದ್ಧನೌಕೆ ಕಟ್ಟೋಣ ಅಂತ ಸಭೆಯನ್ನು ಒಪ್ಪಿಸಿದವನು. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ, ಗ್ರೀಸಿನ ಮೇಲೆ ದಂಡೆತ್ತಿ ಬಂದ ಪರ್ಷಿಯದ ನೌಕಾಪಡೆ ಸೋತದ್ದು ಈ ಹಡಗುಗಳಿಂದ. ಒಂದೊಂದು ಹಡಗಿಗೆ 170 ಹುಟ್ಟುಗಾರರು ಬೇಕು. ಅವರಲ್ಲಿ ಹೆಚ್ಚಿನವರು ಕುದುರೆಯೂ ಇಲ್ಲದ, ಕವಚವೂ ಇಲ್ಲದ ಬಡವರು. ಊರು ಉಳಿದದ್ದು ಅವರ ರಟ್ಟೆಯಿಂದ. ಆಮೇಲೆ ಅವರಿಗೆ ಸಭೆಯಲ್ಲಿ ಮಾತು ಬೇಡ ಅನ್ನಲು ಯಾರಿಗೂ ಆಗಲಿಲ್ಲ.

ಆದರೆ ಆ ಬೆಳ್ಳಿಯನ್ನು ಅಗೆದವರು ಯಾರು? ಗುಲಾಮರು. ನೆಲದಡಿಯ ಇಕ್ಕಟ್ಟಾದ ಸುರಂಗಗಳಲ್ಲಿ, ಎಣ್ಣೆ ದೀಪದ ಬೆಳಕಿನಲ್ಲಿ. ಅವರ ಹೆಸರು ಯಾವ ಪಟ್ಟಿಯ ಮೇಲೂ ಇಲ್ಲ. ಹೆಂಗಸರಿಗೆ ಮತ ಇರಲಿಲ್ಲ, ಆಸ್ತಿಯ ಮೇಲೆ ಹಿಡಿತ ಇರಲಿಲ್ಲ. ತಲೆಮಾರುಗಳಿಂದ ಅಲ್ಲೇ ಬಾಳಿದ ಹೊರಗಿನವರೂ ನಾಗರಿಕರಾಗುತ್ತಿರಲಿಲ್ಲ. ಇನ್ನೊಂದು ನಗರರಾಜ್ಯ ಸ್ಪಾರ್ಟಾದಲ್ಲಂತೂ ಹೆಲಟ್ ಅನ್ನುವ ಇಡೀ ಜನಸಮುದಾಯವೇ ಒಡೆಯರ ಹೊಲದಲ್ಲಿ ದುಡಿದು ಸಾಯಬೇಕಿತ್ತು. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಅಂತ ಅರಿಸ್ಟಾಟಲ್ ವಾದಿಸಿದ. ಎಲ್ಲವನ್ನೂ ಪ್ರಶ್ನೆ ಮಾಡಿದ ಜನ ಇದನ್ನು ಮಾತ್ರ ನಿಜವಾಗಿ ಪ್ರಶ್ನೆ ಮಾಡಲಿಲ್ಲ. ಆ ಕಾಲವೇ ಹಾಗಿತ್ತು ಅಂತ ಇದನ್ನು ದಾಟಿಹೋಗುವುದು ಸರಿಯಲ್ಲ. ಅಷ್ಟು ಜಾಗರೂಕತೆಯಿಂದ ಕಟ್ಟಿದ ನ್ಯಾಯಾಲಯವೇ 399ರಲ್ಲಿ ಸಾಕ್ರಟೀಸನಿಗೆ ವಿಷ ಕುಡಿಸಿತು ಅನ್ನುವುದನ್ನೂ ಮರೆಯಬಾರದು.

ಅವರ ಆತ್ಮಸಾಕ್ಷಿ ಮಾತಾಡಿದ್ದು ಹೆಚ್ಚಾಗಿ ರಂಗದ ಮೇಲೆ. ಸಲಾಮಿಸ್ ಗೆದ್ದ ಎಂಟೇ ವರ್ಷಕ್ಕೆ, 472ರಲ್ಲಿ, ಈಸ್ಕಿಲಸ್ ಆ ಯುದ್ಧದ ನಾಟಕ ಆಡಿಸಿದ. ಕಥೆ ನಡೆಯುವುದು ಸೋತವರ ಅರಮನೆಯಲ್ಲಿ. ಮಗನ ಸುದ್ದಿಗೆ ಕಾದ ಪರ್ಷಿಯದ ರಾಣಿಯ ಕಣ್ಣಿನಿಂದ ಗೆದ್ದವರು ತಮ್ಮ ಗೆಲುವನ್ನು ನೋಡಿದರು. ಬಿ.ಎಂ.ಶ್ರೀ ಇದನ್ನು 'ಪಾರಸಿಕರು' ಅಂತ ಕನ್ನಡಕ್ಕೆ ತಂದಿದ್ದಾರೆ. ಅದಕ್ಕೂ ಮುಂಚೆ ಸಾಫೊಕ್ಲಿಸನ ಏಜಾಕ್ಸ್ ನಾಟಕವನ್ನು ಮಹಾಭಾರತದ ಕಥೆಗೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದಿದ್ದರು. 416ರಲ್ಲಿ ಅಥೆನ್ಸ್ ತನ್ನ ಮಾತು ಕೇಳದ ಮೆಲೋಸ್ ದ್ವೀಪದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಮರುವರ್ಷವೇ ಯೂರಿಪಿಡೀಸ್ ಸೋತ ಟ್ರಾಯ್ ನಗರದ ಹೆಂಗಸರ ಗೋಳನ್ನು ಅದೇ ಜನರ ಮುಂದೆ ಆಡಿಸಿದ. ಎರಡನೇ ಬಹುಮಾನ ಕೊಟ್ಟರು.

ಊರೂರು ಬೇರೆಯಾಗಿದ್ದದ್ದೇ ಕೊನೆಗೆ ಮುಳುವಾಯಿತು. 431ರಿಂದ 404ರ ತನಕ ಅಥೆನ್ಸ್, ಸ್ಪಾರ್ಟಾ ಹೊಡೆದಾಡಿ ಇಬ್ಬರೂ ಸೊರಗಿದರು. 338ರಲ್ಲಿ ಉತ್ತರದ ಮ್ಯಾಸಿಡೋನಿಯದ ರಾಜ ಫಿಲಿಪ್ ಬಂದು ಅಥೆನ್ಸ್, ಥೀಬ್ಸ್ ಸೇನೆಗಳನ್ನು ಸೋಲಿಸಿದ. ಅವನ ಮಗ ಅಲೆಕ್ಸಾಂಡರ್ 326ರಲ್ಲಿ ಬಿಯಾಸ್ ನದಿಯವರೆಗೆ ಬಂದು, 323ರಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡ. ಅವನ ಯುದ್ಧಗಳಿಗಿಂತ ಆಮೇಲೆ ನಡೆದ ಕೊಡುಕೊಳ್ಳುವಿಕೆಯೇ ಮುಖ್ಯ. ಅಶೋಕ ಕಂದಹಾರದಲ್ಲಿ ತನ್ನ ಶಾಸನವನ್ನು ಗ್ರೀಕ್ ಭಾಷೆಯಲ್ಲಿ ಹಾಕಿಸಿದ, ಯಾಕೆಂದರೆ ಅಲ್ಲಿ ಅದನ್ನು ಓದುವ ಜನ ಇದ್ದರು. ತಕ್ಷಶಿಲೆಯ ಗ್ರೀಕ್ ರಾಜನ ದೂತ ಹೀಲಿಯೊಡೋರಸ್ ವಿದಿಶೆಯಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿ, ತಾನು ಭಾಗವತ ಅಂತ ಬರೆಸಿಕೊಂಡ. ಅಲೆಕ್ಸಾಂಡ್ರಿಯದಲ್ಲಿ ಎರಟೊಸ್ತನೀಸ್ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅದೇ ಊರಿನ ಟಾಲೆಮಿ ಕ್ರಿ.ಶ. 2ನೇ ಶತಮಾನದಲ್ಲಿ ಬರೆದ ಭೂಗೋಳದಲ್ಲಿ ನಮ್ಮ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ತಿಪ್ಪೆಯಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನವಂತೂ ಭಾರತದ ಕಡಲತೀರದಲ್ಲೇ ನಡೆಯುತ್ತದೆ. ಅದರಲ್ಲಿ ಇಲ್ಲಿನ ರಾಜ ಆಡುವ ಮಾತು ಕನ್ನಡ ಅಂತ 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಹೇಳಿದ. ಗೋವಿಂದ ಪೈ ಅದರ ಬಗ್ಗೆ ಬರೆದರು. ತುಳು ಅಂದವರೂ ಇದ್ದಾರೆ, ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ತೀರ್ಮಾನ ಆಗಿಲ್ಲ. ಆದರೂ ನಮ್ಮ ಕರಾವಳಿ ನೈಲ್ ದಂಡೆಯ ನಾಟಕಕ್ಕೆ ವಸ್ತುವಾಗುವಷ್ಟು ಪರಿಚಿತವಾಗಿತ್ತು ಅನ್ನುವುದು ಖುಷಿಯ ವಿಷಯ ಅಲ್ವಾ?

ಇಷ್ಟೆಲ್ಲ ನಮ್ಮ ಕೈಗೆ ಬಂದದ್ದು ತಾನಾಗಿಯೇ ಅಲ್ಲ. ಸಾಫೊಕ್ಲಿಸ್ ನೂರಿಪ್ಪತ್ತಕ್ಕೂ ಹೆಚ್ಚು ನಾಟಕ ಬರೆದಿದ್ದ. ಪೂರ್ತಿ ಉಳಿದದ್ದು ಏಳು. ಅಷ್ಟಾದರೂ ಉಳಿದದ್ದು ಯಾರೋ ಕೂತು ನಕಲು ಮಾಡಿದ್ದರಿಂದ. ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಲಿಪಿಕಾರರು, 9ನೇ ಶತಮಾನದ ಬಾಗ್ದಾದಿನಲ್ಲಿ ಗೇಲನ್‌ನ ವೈದ್ಯ ಗ್ರಂಥಗಳನ್ನು ಅನುವಾದಿಸಿದ ಹುನೈನ್ ಇಬ್ನ್ ಇಸಾಕ್, 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಅರಬ್ಬಿಯಿಂದ ಲ್ಯಾಟಿನ್‌ಗೆ ತಂದ ಜೆರಾರ್ಡ್. ಗ್ರೀಕರಿಂದ ನೇರವಾಗಿ ಯುರೋಪಿಗೆ ಅಂತ ಗೆರೆ ಎಳೆಯುವವರು ಈ ಜನರನ್ನೆಲ್ಲ ಬಿಟ್ಟುಬಿಡುತ್ತಾರೆ. ಅದು ತಪ್ಪು.

ಎಷ್ಟು ಸಣ್ಣ ಎಳೆಯ ಮೇಲೆ ಕೆಲವು ಗ್ರಂಥ ನಿಂತಿದ್ದವು ಅನ್ನಲು ಎರಡು ಉದಾಹರಣೆ ಸಾಕು. ಮೇಲೆ ಹೇಳಿದ ಗೋಲಿ, ಬಿಲ್ಲೆಗಳ ವಿವರ ನಮಗೆ ಗೊತ್ತಾದದ್ದು ಅರಿಸ್ಟಾಟಲ್ ಹೆಸರಿನಲ್ಲಿರುವ ಅಥೆನ್ಸ್ ಆಡಳಿತದ ಪುಸ್ತಕದಿಂದ. ಅದು ಕಳೆದೇಹೋಗಿತ್ತು. ಕೊನೆಗೆ ಸಿಕ್ಕಿದ್ದು ಈಜಿಪ್ಟಿನ ಒಂದು ಜಮೀನಿನ ಲೆಕ್ಕಪತ್ರದ ಹಿಂಬದಿಯಲ್ಲಿ. ಪ್ರಕಟವಾದದ್ದು 1891ರಲ್ಲಿ. ಇನ್ನೊಂದು ಆರ್ಕಿಮಿಡೀಸನದ್ದು. ಅವನ ಗ್ರಂಥಗಳ 10ನೇ ಶತಮಾನದ ಪ್ರತಿಯೊಂದರ ಶಾಯಿ ಕೆರೆದು, ಅದೇ ಚರ್ಮದ ಹಾಳೆಗಳ ಮೇಲೆ 1229ರಲ್ಲಿ ಪ್ರಾರ್ಥನಾ ಪುಸ್ತಕ ಬರೆದರು. 1906ರಲ್ಲಿ ಹೈಬರ್ಗ್ ಅನ್ನುವ ವಿದ್ವಾಂಸ ಪ್ರಾರ್ಥನೆಯ ಸಾಲುಗಳ ಹಿಂದೆ ಮಸುಕಾಗಿ ಕಂಡ ಗಣಿತವನ್ನು ಗುರುತಿಸಿದ. ವಕ್ರ ಆಕೃತಿಗಳನ್ನು ತೆಳು ಸೀಳುಗಳಾಗಿ ಕತ್ತರಿಸಿ ತೂಗಿ ನೋಡುವ ಅವನ ವಿಧಾನ ವಿವರಿಸುವ ಗ್ರಂಥ ಉಳಿದಿರುವುದು ಈ ಒಂದೇ ಪ್ರತಿಯಲ್ಲಿ. ಕ್ಯಾಲ್ಕುಲಸ್‌ನ ಹೊಸ್ತಿಲವರೆಗೆ ಅವನು ಬಂದಿದ್ದ ಅಂತ ಅದರಿಂದ ತಿಳಿಯಿತು. 1998ರಲ್ಲಿ ಅದು ಹರಾಜಾದ ಮೇಲೆ ಎಕ್ಸ್-ರೇ ಬಳಸಿ ಇನ್ನಷ್ಟು ಓದಿದರು.

ಈ ಕೆಲಸ ಈಗಲೂ ನಡೆದಿದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಕ್ಕಿದಾಗ ಇಟಲಿಯ ಹರ್ಕ್ಯುಲೇನಿಯಂ ಊರಿನ ಒಂದು ಬಂಗಲೆಯ ಗ್ರಂಥಾಲಯ ಹೂತುಹೋಯಿತು. ಅಲ್ಲಿನ ಸುರುಳಿಗಳು ಇದ್ದಿಲಿನಂತಾಗಿವೆ, ಬಿಚ್ಚಲು ಹೋದರೆ ಪುಡಿ. ಅವನ್ನು ಬಿಚ್ಚದೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಹರವಿ, ಶಾಯಿಯ ಗುರುತು ಹುಡುಕುವ ಸ್ಪರ್ಧೆ 2023ರಲ್ಲಿ ಶುರುವಾಯಿತು. 2024ರ ಫೆಬ್ರವರಿಯಲ್ಲಿ ಮೂವರು ವಿದ್ಯಾರ್ಥಿಗಳ ತಂಡ ಬಹುಮಾನ ಗೆದ್ದಿತು. ಅವರು ಓದಿಸಿದ್ದು ಒಂದು ಸುರುಳಿಯ ಸುಮಾರು 5%. ವಿಷಯ ಸುಖ. ಅಪರೂಪಕ್ಕೆ ಸಿಗುವ ಊಟ ಧಾರಾಳವಾಗಿ ಸಿಗುವ ಊಟಕ್ಕಿಂತ ಹೆಚ್ಚು ಸುಖ ಕೊಡುತ್ತದೆಯೇ ಅಂತ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಪಂಥದ ಒಬ್ಬ ಲೇಖಕ ಅದರಲ್ಲಿ ಚರ್ಚೆ ಮಾಡುತ್ತಾನೆ, ಹಾಗೇನೂ ಇಲ್ಲ ಅನ್ನುತ್ತಾನೆ. ಕೊನೆಗೆ ತನ್ನ ಎದುರಾಳಿಗಳನ್ನೂ ತರಾಟೆಗೆ ತೆಗೆದುಕೊಳ್ಳುತ್ತಾನೆ. ಇನ್ನೂ ನೂರಾರು ಸುರುಳಿಗಳನ್ನು ಓದುವುದು ಬಾಕಿ ಇದೆ.